ಮುಖ ತೋರಿಸಿ, ಮುಂದೆ ಹೋಗಿ ನಿಲ್ಲಿ

ಮುಖ ನೋಡಿ ಗುರುತು ಹಿಡಿದು ಒಳಗೆ ಬಿಡುವ ಡಿಜಿಯಾತ್ರಾ ವ್ಯವಸ್ಥೆ ಬಂದ ಮೇಲೆ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರ ಸಮಯ ಉಳಿಯುತ್ತಿದೆಯಂತೆ. ಹಾಗೆ ಉಳಿದ ಸಮಯ ಎಲ್ಲಿಗೆ ಹೋಯಿತು ಅಂತ ಹುಡುಕಬೇಡಿ. ಸೆಕ್ಯುರಿಟಿ ಚೆಕ್ ಸಾಲಿನಲ್ಲಿ, ಬೆಲ್ಟ್ ಬಿಚ್ಚುತ್ತಿರುವವರ ಹಿಂದೆ ನಿಂತಿದೆ.

ವ್ಯವಸ್ಥೆ ಅಂದ್ರೆ ಹೀಗಿರಬೇಕು. ಕ್ಯಾಮೆರಾ ನಿಮ್ಮ ಮುಖ ನೋಡಿದ ಕೂಡಲೇ ಗೇಟು ತೆರೆಯುತ್ತದೆ. ನೀವು ಠೀವಿಯಿಂದ ಒಳಗೆ ಹೋಗಿ ಬ್ಯಾಗ್ ಕೊಡುವ ಸಾಲಿನಲ್ಲಿ ನಿಲ್ಲುತ್ತೀರಿ. ಆಮೇಲೆ ಟ್ರೇ ಹಿಡಿದು ನಿಲ್ಲುತ್ತೀರಿ. ಲ್ಯಾಪ್‌ಟಾಪ್ ತೆಗಿ, ಪವರ್ ಬ್ಯಾಂಕ್ ತೆಗಿ, ಜೇಬಿನ ಚಿಲ್ಲರೆ ತೆಗಿ, ಮತ್ತೆ ಎಲ್ಲ ತುಂಬಿಕೋ. ಬೋರ್ಡಿಂಗ್ ಗೇಟಿನಲ್ಲಿ ಮತ್ತೊಮ್ಮೆ ಮುಖ, ಮತ್ತೊಮ್ಮೆ ಸಲೀಸು. ಅದೇ ಸಲೀಸಿನಲ್ಲಿ ಮೆಟ್ಟಿಲಿಳಿದು ಬಸ್ ಹತ್ತುತ್ತೀರಿ. ಬಸ್ಸು ತುಂಬುವ ತನಕ ಹೊರಡುವುದಿಲ್ಲ. ಅದಕ್ಕೆ ಯಾರ ಮುಖದ ಪರಿಚಯವೂ ಇಲ್ಲ.

ನಿಮ್ಮ ಮುಖವೇ ನಿಮ್ಮ ಬೋರ್ಡಿಂಗ್ ಪಾಸ್ ಅಂತಾರೆ. ಕೇಳಲು ಚೆನ್ನಾಗಿದೆ. ಗೇಟಿನ ಹತ್ತಿರ ಹೋದರೆ ಮೊದಲು ಬೋರ್ಡಿಂಗ್ ಪಾಸಿನ ಬಾರ್‌ಕೋಡ್ ತೋರಿಸಬೇಕು, ಆಮೇಲೆ ಮುಖ. ಅದಕ್ಕೂ ಮುಂಚೆ ಮನೆಯಲ್ಲಿ ಕೂತು ಆಧಾರ್ ಜೋಡಿಸಬೇಕು, ಸೆಲ್ಫಿ ತೆಗೆಯಬೇಕು, ಪಾಸನ್ನು ಆ್ಯಪ್‌ಗೆ ಹಾಕಬೇಕು, ಅದನ್ನು ನಿಲ್ದಾಣದ ಜೊತೆ ಹಂಚಿಕೊಳ್ಳಬೇಕು. ಇಷ್ಟಾದ ಮೇಲೂ ಯಾವುದಕ್ಕೂ ಇರಲಿ ಅಂತ ಗುರುತಿನ ಚೀಟಿ ಜೇಬಿನಲ್ಲಿರಬೇಕು. ಮುಖ ಒಂದಿದ್ದರೆ ಸಾಕು ಅಂದಿದ್ದು ಇದಕ್ಕೇ.

ಈ ಗೇಟಿನ ಕಥೆಯೂ ಮಜವಾಗಿದೆ. ಜಗತ್ತಿನ ಹೆಚ್ಚಿನ ವಿಮಾನ ನಿಲ್ದಾಣಗಳಲ್ಲಿ ಹೊರಬಾಗಿಲಲ್ಲಿ ಯಾರೂ ಟಿಕೆಟ್ ಕೇಳುವುದಿಲ್ಲ. ಸುಮ್ನೆ ಒಳಗೆ ಹೋಗಬಹುದು. ಅಜ್ಜಿಯನ್ನು ಕೌಂಟರ್ ತನಕ ಬಿಟ್ಟು ಬರಬಹುದು. ನಮ್ಮಲ್ಲಿ ಬಾಗಿಲಲ್ಲೇ ಭದ್ರತಾ ಪಡೆ ಸಿಐಎಸ್‌ಎಫ್‌ನವರು ಟಿಕೆಟ್ ಮತ್ತು ಗುರುತಿನ ಚೀಟಿ ನೋಡುತ್ತಾರೆ. ಅಲ್ಲೊಂದು ಸಾಲು ಬೆಳೆಯಿತು. ಈ ಸಾಲು ಬೇಕಾ ಅಂತ ಯಾರಾದರೂ ಕೇಳಬಹುದಿತ್ತು. ಕೇಳಲಿಲ್ಲ. ಬದಲಿಗೆ ಕ್ಯಾಮೆರಾ ತಂದರು, ಅದನ್ನು ನಡೆಸಲು ಒಂದು ಪ್ರತಿಷ್ಠಾನ ಕಟ್ಟಿದರು, 2022ರ ಡಿಸೆಂಬರ್ 1ರಂದು ದೆಹಲಿ, ಬೆಂಗಳೂರು, ವಾರಾಣಸಿಗಳಲ್ಲಿ ಉದ್ಘಾಟನೆ ಮಾಡಿದರು. ಬೇರೆಯವರಿಗೆ ಇಲ್ಲದ ಬಾಗಿಲಿನಲ್ಲಿ ನಾವೀಗ ಬಹಳ ವೇಗವಾಗಿ ನುಗ್ಗುತ್ತೇವೆ. ಹೆಮ್ಮೆ ಪಡದೆ ಇರಲು ಸಾಧ್ಯವೇ?

2024ರಲ್ಲಿ ಇನ್ನೊಂದು ತಮಾಷೆ ನಡೆಯಿತಲ್ಲ. ಹಳೇ ಆ್ಯಪ್ ತೆಗೆದುಹಾಕಿ, ಹೊಸದು ಹಾಕಿಕೊಳ್ಳಿ ಅಂದರು. ಮತ್ತೆ ಆಧಾರ್, ಮತ್ತೆ ಸೆಲ್ಫಿ. ನಮ್ಮ ಮುಖ ಏನೂ ಬದಲಾಗಿರಲಿಲ್ಲ, ಸ್ವಲ್ಪ ಬಾಡಿತ್ತು ಅಷ್ಟೇ.

ಇದು ಕಡ್ಡಾಯವಲ್ಲ ಅಂತ ಸರ್ಕಾರ ಹೇಳುತ್ತಲೇ ಬಂದಿದೆ. ಗೇಟಿನಲ್ಲಿ ನಿಂತ ಹುಡುಗರಿಗೆ ಅದನ್ನು ಯಾರು ಹೇಳಬೇಕು? ಪಾಸ್ ಇಸಿದುಕೊಂಡು, "ಇಲ್ಲಿ ನೋಡಿ ಸರ್" ಅಂದು, ಫೋಟೊ ಹೊಡೆದು ಕಳಿಸಿದರು ಅಂತ ದೂರಿದವರು ಒಬ್ಬಿಬ್ಬರಲ್ಲ. ಲಗೇಜು, ಮಗು, ತಡವಾಗುವ ಭಯ, ಇಷ್ಟಿಟ್ಟುಕೊಂಡು ನಿಂತವರು ಯಾಕೆ ಏನು ಅಂತ ಕೇಳುತ್ತಾರಾ? ಇದರಲ್ಲಿ ನಗುವುದಕ್ಕೆ ಏನೂ ಇಲ್ಲ. ಕೇಳದೆ ಇನ್ನೊಬ್ಬರ ಮುಖ ತೆಗೆದುಕೊಳ್ಳುವುದು ತಪ್ಪು. ಪಾಸ್‌ವರ್ಡ್ ಸೋರಿದರೆ ಬೇರೆ ಇಟ್ಟುಕೊಳ್ಳಬಹುದು. ಮುಖ ಸೋರಿದರೆ ಏನು ಮಾಡುವುದು ಸ್ವಾಮಿ?

ಚಿಂತೆ ಬೇಡ, ವಿಮಾನ ಹೊರಟ 24 ಗಂಟೆಯೊಳಗೆ ನಿಲ್ದಾಣದವರು ಎಲ್ಲ ಅಳಿಸುತ್ತಾರಂತೆ. ಭದ್ರತೆಗೆ ಬೇಕಾದರೆ ಆ ಗಡುವನ್ನು ಬದಲಿಸಲೂಬಹುದು, ಅದೂ ನೀತಿಯಲ್ಲೇ ಇದೆ. ಅಳಿಸಿದ್ದನ್ನು ನೋಡಿದವರು ಯಾರು ಅಂತ ಕೇಳೋಣವೆಂದರೆ, ಡಿಜಿಯಾತ್ರಾ ಪ್ರತಿಷ್ಠಾನದಲ್ಲಿ ಸರ್ಕಾರಿ ಸಂಸ್ಥೆಯಾದ ವಿಮಾನ ನಿಲ್ದಾಣ ಪ್ರಾಧಿಕಾರದ ಪಾಲು ಶೇ 26 ಮಾತ್ರ. ಉಳಿದದ್ದು ದೆಹಲಿ, ಮುಂಬೈ, ಬೆಂಗಳೂರು, ಹೈದರಾಬಾದ್, ಕೊಚ್ಚಿ ನಿಲ್ದಾಣಗಳ ಕಂಪನಿಗಳದ್ದು. ಹಾಗಾಗಿ ಮಾಹಿತಿ ಹಕ್ಕು ಕಾಯ್ದೆ ತಮಗೆ ಅನ್ವಯಿಸುವುದಿಲ್ಲ ಅನ್ನುತ್ತಾರೆ ಪ್ರತಿಷ್ಠಾನದವರು. ಆಧಾರ್ ಸಮೇತ ಮಾಹಿತಿ ಕೊಡಬೇಕಾದವರು ನಾವು ಮಾತ್ರ.

ಅಂದ ಹಾಗೆ, ಎಲ್ಲರೂ ಆ್ಯಪ್ ಹಾಕಿಕೊಂಡ ಮೇಲೆ ಡಿಜಿಯಾತ್ರಾ ಸಾಲೇ ಕೆಲವು ಹೊತ್ತು ಉದ್ದವಾಗಿರುತ್ತದೆ. ಅವಸರವಿದ್ದರೆ ಪಕ್ಕದ ಹಳೇ ಸಾಲಿಗೆ ಹೋಗಿ. ಅಲ್ಲಿ ಜನ ಕಡಿಮೆ.