ಸರ್ ಯಾವಾಗ ಬರ್ತಾರೆ ಮೇಡಂ?

ಇವತ್ತು ಬೆಳಿಗ್ಗೆ ಎಂಟೂವರೆಗೆ ಪ್ಲಂಬರ್ ಬಂದಿದ್ದ. ಮೂರು ದಿನದಿಂದ ಅಡುಗೆಮನೆ ಸಿಂಕಿನ ನಲ್ಲಿ ತೊಟ್ ತೊಟ್ ಅಂತ ಸೋರ್ತಿದೆ, ಹಗಲೆಲ್ಲಾ ಸುಮ್ಮನಿದ್ದ ಹಾಗಿರುತ್ತೆ, ಇನ್ನೇನು ನಿದ್ದೆ ಹತ್ತಬೇಕು ಅನ್ನೋ ಹೊತ್ತಿಗೆ ಸರಿಯಾಗಿ ಅದರ ಸೌಂಡ್ ಶುರುವಾಗುತ್ತೆ, ಅದಕ್ಕೇ ಆಫೀಸಿಗೆ ಅರ್ಧ ದಿನ ರಜ ಹಾಕಿ ಇವನಿಗೋಸ್ಕರ ಕಾದು ಕೂತಿದ್ದೆ. ಬಾಗಿಲು ತೆಗೆದೆ. ನನ್ನ ನೋಡ್ದ, ನನ್ನ ಭುಜದ ಮೇಲಿಂದ ಕತ್ತು ಚಾಚಿ ಹಾಲ್ ನೋಡ್ದ, ಆಮೇಲೆ ಕೇಳ್ದ, "ಮನೆಯವ್ರು ಇಲ್ವಾ ಮೇಡಂ?"

"ನಾನೇ ಮನೆಯವಳು" ಅಂದೆ.

"ಅಲ್ಲ ಮೇಡಂ, ಮನೆಯವ್ರು."

ನಮ್ಮ ಭಾಷೆ ಮಾಡೋ ಮೋಸ ನೋಡಿ. ಮನೆಯವ್ರು ಅಂದ್ರೆ ಗಂಡ. ಯಜಮಾನ್ರು ಅಂದ್ರೂ ಗಂಡ. ಮನೆ ನನ್ನ ಹೆಸರಲ್ಲಿದೆ, ಸಾಲ ನನ್ನ ಹೆಸರಲ್ಲಿದೆ, ಕರೆಂಟ್ ಬಿಲ್ಲೂ ನನ್ನ ಹೆಸರಲ್ಲೇ ಬರುತ್ತೆ, ಆದ್ರೆ ಪ್ಲಂಬರ್ ಲೆಕ್ಕದಲ್ಲಿ ಈ ಮನೇಲಿ ಮನೆಯವ್ರು ಅಂತ ಯಾರೂ ಇಲ್ಲ. "ಸಂಜೆ ಅವ್ರು ಬಂದ್ಮೇಲೆ ಬರ್ತೀನಿ, ಅವ್ರ ಹತ್ರಾನೇ ಮಾತಾಡ್ಬಿಟ್ಟು ಮಾಡ್ತೀನಿ" ಅಂತ ಹೊರಟೇಬಿಟ್ಟ. ಸೋರೋ ನಲ್ಲಿ ವಿಷಯದಲ್ಲಿ ಮಾತಾಡೋದು ಏನಿರುತ್ತೆ ಅಂತ ನನಗಿನ್ನೂ ಗೊತ್ತಾಗಿಲ್ಲ. ಅರ್ಧ ದಿನ ರಜ ಹೋಯ್ತು, ಬಕೆಟ್ ಎರಡನೇ ಸಲ ತುಂಬ್ತಿದೆ, ಕೋಪ ಬಂದಿದೆ, ಅದಕ್ಕೇ ಬರೀತಿದ್ದೀನಿ.

ನನಗೀಗ 47. ಈ ವಯಸ್ಸಲ್ಲಿ ಒಬ್ಬಳೇ, ಅದೂ ಕೈಯಲ್ಲಿರೋ ಚಿಕ್ಕ ದುಡ್ಡಲ್ಲಿ, ಮೊದಲನೇ ಮನೆ ತಗೊಳ್ತೀನಿ ಅಂದಾಗ ಜನ ಎರಡು ಥರ ಮುಖ ಮಾಡ್ತಾರೆ. ಒಂದು "ಇಷ್ಟು ಲೇಟಾಗಾ?" ಅನ್ನೋ ಮುಖ, ಇನ್ನೊಂದು "ಇನ್ಯಾಕೆ ಈಗ?" ಅನ್ನೋ ಮುಖ. ಎರಡನ್ನೂ ಒಂದೇ ಮುಖದಲ್ಲಿ ಮಾಡಬಲ್ಲ ಒಬ್ಬ ಚಿಕ್ಕಮ್ಮ ನಮಗಿದ್ದಾರೆ. ಮನೆ ಕಟ್ಟಿ ನೋಡು ಮದುವೆ ಮಾಡಿ ನೋಡು ಅನ್ನೋ ಗಾದೆಯನ್ನಂತೂ ಎಲ್ಲರೂ ಹೇಳಿಯಾಯ್ತು, ಹೇಳ್ತಾ ಹೇಳ್ತಾ ದ್ವಿತೀಯಾರ್ಧ ಬಂದಾಗ ನನ್ನ ಮುಖ ನೋಡಿ ಗಕ್ಕನೆ ನಿಲ್ಲಿಸಿ ಕೆಮ್ಮೋರೂ ಇದ್ದಾರೆ.

ಬ್ಯಾಂಕಿನವರು ಮುಖಗಿಖ ಏನೂ ಮಾಡಲಿಲ್ಲ, ಬೆರಳು ಎಣಿಸಿದ್ರು. ನಲವತ್ತೇಳು, ಐವತ್ತೇಳು, ಅರವತ್ತು... "ಹದಿಮೂರು ವರ್ಷ ಇದ್ದೀರಿ ಮೇಡಂ" ಅಂದ್ರು. ನಂಗೆ ಎದೆ ಧಸಕ್ಕಂತು. ರಿಟೈರ್ ಆಗೋದಕ್ಕೆ ಹದಿಮೂರು ವರ್ಷ ಅಂತ ಅವರ ಅರ್ಥ. ಇಪ್ಪತ್ತು ವರ್ಷಕ್ಕೆ ಹಂಚೋ ಸಾಲವನ್ನ ಹದಿಮೂರಕ್ಕೆ ಹಂಚಿದ್ರೆ 9 ಪರ್ಸೆಂಟ್ ಬಡ್ಡೀಲಿ ತಿಂಗಳ ಕಂತು ಐದನೇ ಒಂದು ಪಾಲು ಜಾಸ್ತಿ ಆಗುತ್ತೆ. ಆಮೇಲೆ ಫಾರಂ ತಿರುಗಿಸಿ ಕೋ-ಅಪ್ಲಿಕೆಂಟ್ ಅನ್ನೋ ಕಾಲಂ ಮೇಲೆ ಪೆನ್ನಿಟ್ಟು ಕಾದ್ರು. ನಾನೂ ಕಾದೆ. ಇಬ್ಬರೂ ಆ ಖಾಲಿ ಜಾಗಾನ ಸ್ವಲ್ಪ ಹೊತ್ತು ನೋಡಿದ್ವಿ.

ಆದ್ರೆ ಬ್ಯಾಂಕಿನವರು ಬ್ರೋಕರ್ ಮುಂದೆ ಏನೂ ಅಲ್ಲ. ಈ ಬ್ರೋಕರ್ ಒಳ್ಳೆ ಮನುಷ್ಯ, ಮೊದಲೇ ಹೇಳ್ಬಿಡ್ತೀನಿ, ಸುಳ್ಳು ಸ್ವಲ್ಪ ಕಡಿಮೆಯೇ ಹೇಳ್ತಿದ್ರು. ಅವರಿಗಿದ್ದದ್ದು ಒಂದೇ ಚಟ. ಮೊದಲನೇ ಮನೆ ನೋಡೋಕೆ ಹೋದಾಗ ಬೀಗದ ಕೈ ಹಿಡ್ಕೊಂಡು ಬಾಗಿಲ ಮುಂದೆ ನಿಂತಿದ್ದಾರೆ, ತೆಗೀತಿಲ್ಲ. ಏನಾಯ್ತು ಅಂದೆ. "ಸರ್ ಬರ್ಲಿ ಮೇಡಂ, ಒಟ್ಟಿಗೆ ತೋರಿಸ್ಬಿಡ್ತೀನಿ" ಅಂದ್ರು.

"ಸರ್ ಇಲ್ಲ, ನಾನೊಬ್ಬಳೇ."

ತಕ್ಷಣ ದನಿ ಇಳಿಸಿದ್ರು. ಬೀಗದ ಕೈಯನ್ನ ಎದೆ ಹತ್ರ ಹಿಡ್ಕೊಂಡು, "ಅಯ್ಯೋ, ಯಾವಾಗ ಹೋದ್ರು ಮೇಡಂ?"

"ಬಂದೇ ಇಲ್ಲ" ಅಂದೆ.

ಈ ಉತ್ತರ ಅವರ ತಲೆಯೊಳಗೆ ಎಲ್ಲಿ ಹೋಗಿ ಕೂತ್ಕೊಳ್ತೋ ಗೊತ್ತಿಲ್ಲ, ಯಾಕಂದ್ರೆ ಮುಂದಿನ ವಾರ ಫೋನ್ ಮಾಡಿ, "ಸರ್ ಬಂದ್ರಾ ಮೇಡಂ ಊರಿಂದ?" ಅಂತ ಕೇಳಿದ್ರು. ಒಂದು ವಾರದಲ್ಲಿ ಸತ್ತವರು ಊರಿಗೆ ಹೋಗಿ ಬಂದಿದ್ರು.

ಅಲ್ಲಿಂದ ಮುಂದೆ ಪ್ರತಿ ಮನೇಲೂ ಸರ್ ನಮ್ಮ ಜೊತೆಗಿರ್ತಿದ್ರು. ನನಗೆ ಅಂತ ತೋರಿಸ್ತಿದ್ದದ್ದು ಅಡುಗೆಮನೆ ಒಂದೇ. "ಮೇಡಂ, ಇದು ನಿಮ್ಮದು, ಆರಾಮಾಗಿ ನೋಡಿ" ಅಂತ ಒಳಗೆ ಬಿಟ್ಟು, ತಾವು ಮಿಕ್ಕ ಮನೆಯನ್ನ ಸರ್‌ಗೆ ತೋರಿಸ್ತಿದ್ರು. ಈ ಬಾಲ್ಕನಿ ಸರ್‌ಗೆ ಬೆಳಿಗ್ಗೆ ಪೇಪರ್ ಓದೋಕೆ. ಇಲ್ಲಿ ಸರ್ ಕಾರು ನಿಲ್ಲಿಸಬಹುದು. ಈ ಮೂಲೇಲಿ ಸರ್ ಲ್ಯಾಪ್‌ಟಾಪ್ ಇಟ್ಕೋಬಹುದು, ಯಾರೂ ಡಿಸ್ಟರ್ಬ್ ಮಾಡಲ್ಲ. (ಡಿಸ್ಟರ್ಬ್ ಮಾಡೋಳು ನಾನು ಅಂತ ಕಾಣುತ್ತೆ.) ನಾಲ್ಕನೇ ಮನೆ ಹೊತ್ತಿಗೆ ಸರ್ ಬಗ್ಗೆ ನಂಗೆ ಚೆನ್ನಾಗಿ ಗೊತ್ತಾಗಿತ್ತು. ಅವರಿಗೆ ಪಶ್ಚಿಮದ ಬಿಸಿಲು ಆಗಲ್ಲ, ನೀಟಾಗಿರೋ ಮನುಷ್ಯ, ಮೆಟ್ಟಿಲು ಹತ್ತೋಕೆ ಸ್ವಲ್ಪ ಕಷ್ಟ. ಐದನೇ ಮನೇಲಿ ನಂಗೆ ಅವರ ಮೇಲೆ ನಿಜವಾಗ್ಲೂ ಸಿಟ್ಟು ಬಂತು. ಪೈಸೆ ಬಿಚ್ಚಲ್ಲ, ಒಂದು ಮನೆ ನೋಡೋಕೂ ಬರಲ್ಲ, ಒಳ್ಳೊಳ್ಳೆ ಮೂಲೆಗಳೆಲ್ಲಾ ಇವರಿಗೇ ಬೇಕು. ಮದುವೆಯಾದ ಫ್ರೆಂಡ್ಸ್ ಹತ್ರ ಹೇಳ್ಕೊಂಡ್ರೆ, ಸರಿಯಾಗೇ ಇದ್ದಾರಲ್ಲ, ನಮ್ಮನೇಲೂ ಹಾಗೇ ಅಂದ್ರು.

ಆರನೇ ಮನೆ ಮೂರನೇ ಫ್ಲೋರಲ್ಲಿತ್ತು, ಲಿಫ್ಟ್ ಕೆಟ್ಟಿತ್ತು. ನಾನು ಏದುಸಿರು ಬಿಡ್ತಾ ಹತ್ತಿ ಹೋಗಿ ಐದು ನಿಮಿಷ ಆಗಿರ್ಬೇಕು, ಬಾಗಿಲಲ್ಲಿ ಒಬ್ಬರು ಬಂದು ನಿಂತ್ರು. ನಾನು ಬಂದ ಆಟೋದ ಡ್ರೈವರ್. ಬ್ಯಾಂಕಿನ ಫೈಲ್ ಸೀಟ್ ಮೇಲೆ ಬಿಟ್ಟು ಬಂದಿದ್ದೆ, ಪಾಪ ಅದನ್ನ ಕೊಡೋಕೆ ಮೂರು ಫ್ಲೋರ್ ಹತ್ತಿದ್ದಾರೆ. ಅವರು "ಅಕ್ಕ" ಅಂತ ಬಾಯಿ ತೆಗೆಯೋ ಮೊದಲೇ ನಮ್ಮ ಬ್ರೋಕರ್ ಓಡಿ ಹೋಗಿ ಎರಡೂ ಕೈ ಹಿಡ್ಕೊಂಡುಬಿಟ್ರು. "ಬನ್ನಿ ಬನ್ನಿ ಸರ್! ಎಷ್ಟು ದಿನದಿಂದ ಕಾಯ್ತಿದ್ದೀನಿ ಸರ್!"

ಖಾಕಿ ಶರ್ಟು, ಕೈಯಲ್ಲಿ ನನ್ನ ಫೈಲು. ಸಾಕಾಯ್ತು, ಸರ್ ಬಂದ್ರು. ನಂಗೆ ತೋರಿಸಿದ್ದೆಲ್ಲಾ ಕ್ಯಾನ್ಸಲ್, ಮತ್ತೆ ಹೊಸ್ತಿಲಿಂದ ಟೂರ್ ಶುರು. ನಂಗೆ ಆರು ಮನೆಯಿಂದ ಹೇಳದೇ ಇದ್ದ ವಿಷಯಗಳೆಲ್ಲಾ, ಅಂದ್ರೆ ನೀರು ಎಷ್ಟು ಗಂಟೆಗೆ ಬಿಡ್ತಾರೆ, ಮೇಂಟೆನೆನ್ಸ್ ಎಷ್ಟು, ಓನರ್‌ಗೆ ಎಷ್ಟು ಅರ್ಜೆಂಟ್ ಇದೆ, ಕೊನೆಗೆ ಎಷ್ಟಕ್ಕೆ ಇಳೀತಾರೆ, ಎಲ್ಲಾ ಸರಸರ ಹೊರಗೆ ಬಂತು. ನಾನು ಅಡುಗೆಮನೆ ಬಾಗಿಲಲ್ಲಿ ನಿಂತು ನೋಟ್ ಮಾಡ್ಕೊಂಡೆ. ಡ್ರೈವರ್ ಎರಡು ಸಲ ನನ್ನ ಕಡೆ ತಿರುಗಿ "ಅಕ್ಕ, ಬಾಡಿಗೆ ಇದೆ" ಅಂದ್ರು, ಬ್ರೋಕರ್ "ಹೌದು ಸರ್, ಬಾಡಿಗೆಗೆ ಕೊಟ್ರೂ ಒಳ್ಳೆ ರಿಟರ್ನ್ಸ್ ಇದೆ" ಅಂದ್ರು.

ಆಮೇಲೆ ಡ್ರೈವರ್ ಸುಮ್ಮನಾದ್ರು. ನಿಧಾನಕ್ಕೆ ಬೆಡ್‌ರೂಮ್ ಗೋಡೆ ಹತ್ರ ಹೋಗಿ ಬೆರಳ ಗೆಣ್ಣಿಂದ ಎರಡು ಸಲ ಬಡಿದ್ರು. ಬಗ್ಗಿ ಕೆಳಗಡೆ ಅಂಗೈ ಇಟ್ಟು ನೋಡಿದ್ರು. "ತೇವ ಎಳ್ಕೊಂಡಿದೆ, ಮೇಲೆ ಪುಟ್ಟಿ ಹಚ್ಚಿ ಬಣ್ಣ ಹೊಡೆದಿದ್ದಾರೆ, ಒಂದು ಮಳೆಗಾಲ ಹೋದ್ರೆ ಕಿತ್ಕೊಂಡು ಬರುತ್ತೆ" ಅಂದ್ರು. ಬಾತ್‌ರೂಮಿಗೆ ಹೋಗಿ ಒಂದು ಮಗ್ ನೀರು ನೆಲಕ್ಕೆ ಸುರಿದ್ರು. ನೀರು ಒಂದು ಕ್ಷಣ ನಿಂತು ಯೋಚನೆ ಮಾಡಿ, ಮೋರಿ ಕಡೆ ಬೆನ್ನು ಹಾಕಿ, ಸೀದಾ ಬಾಗಿಲು ದಾಟಿ ಬೆಡ್‌ರೂಮಿಗೆ ನಡ್ಕೊಂಡು ಬಂತು. ಮೂವರೂ ಕಾಲೆತ್ತಿ ಜಾಗ ಬಿಟ್ವಿ. ಕೆಳಗೆ ಬಂದಾಗ ಹೇಳಿದ್ರು, ಆಟೋ ತಗೊಳ್ಳೋಕೆ ಮೊದಲು ಹನ್ನೆರಡು ವರ್ಷ ಗಾರೆ ಕೆಲಸ ಮಾಡ್ತಿದ್ರಂತೆ.

ರಾತ್ರಿ ಬ್ರೋಕರ್ ಫೋನ್. "ಮೇಡಂ, ಸರ್ ಏನಂದ್ರು?"

"ಸರ್‌ಗೆ ಇಷ್ಟ ಆಗಲಿಲ್ಲ" ಅಂದೆ. ಹೇಳೋಕೆ ಎಷ್ಟು ಹಗುರ ಆಯ್ತು ಅಂದ್ರೆ, ಇದನ್ನೇ ನಾನು ಇಪ್ಪತ್ತು ವರ್ಷದಿಂದ ಎಲ್ಲಾ ಕಡೆ ಹೇಳ್ಬಹುದಿತ್ತಲ್ಲ ಅನ್ನಿಸ್ತು.

ಮುಂದಿನ ಐದು ಮನೆಗೆ ವೇಟಿಂಗ್ ಚಾರ್ಜ್ ಕೊಟ್ಟು ಅವರನ್ನೇ ಕರ್ಕೊಂಡು ಹೋದೆ. ಫೋನಲ್ಲಿ ಅವರ ನಂಬರ್ 'ಸರ್ ಆಟೋ' ಅಂತ ಸೇವ್ ಆಗಿದೆ. ಹನ್ನೊಂದನೇ ಮನೇಲಿ ನೀರು ಮೋರಿ ಕಡೆ ಹೋಯ್ತು. ಅದನ್ನೇ ತಗೊಂಡೆ.

ಮನೆ ಕಾಗದದಲ್ಲಿ 740 ಚದರಡಿ, ಟೇಪ್ ಹಿಡಿದ್ರೆ 540. ಮಿಕ್ಕ 200 ಎಲ್ಲಿ ಅಂದ್ರೆ ಗೋಡೆ ಒಳಗೆ ಸ್ವಲ್ಪ, ಮೆಟ್ಟಿಲಲ್ಲಿ ಸ್ವಲ್ಪ, ಕಾರಿಡಾರಲ್ಲಿ ಸ್ವಲ್ಪ, ಲಿಫ್ಟಲ್ಲಿ ಸ್ವಲ್ಪ ಅಂತೆ. ಅದಕ್ಕೇ ನಾನೀಗ ಲಿಫ್ಟಲ್ಲಿ ಮೂಲೆಗೆ ಒತ್ತರಿಸಿ ನಿಲ್ಲೋದಿಲ್ಲ. ಮಧ್ಯದಲ್ಲಿ, ಕಾಲಗಲಿಸಿ, ದುಡ್ಡು ಕೊಟ್ಟವಳ ಹಾಗೆ ನಿಲ್ತೀನಿ.

ಸಾಲದ ಲೆಕ್ಕ ಇದಕ್ಕಿಂತ ಮಜ. ಮೊದಲನೇ ತಿಂಗಳು ಕಟ್ಟಿದ ಕಂತಲ್ಲಿ ನೂರಕ್ಕೆ 69 ಬಡ್ಡಿಗೆ ಹೋಯ್ತು, 31 ಮಾತ್ರ ಅಸಲಿಗೆ. ಒಂದು ರಾತ್ರಿ ನಿದ್ದೆ ಬರದೆ ಕ್ಯಾಲ್ಕುಲೇಟರ್ ಹಿಡ್ಕೊಂಡು ಕೂತು ಅದನ್ನ ನೆಲದ ಲೆಕ್ಕಕ್ಕೆ ತಂದೆ. ಕೈಯಿಂದ ಹಾಕಿದ ಕಾಲು ಭಾಗಕ್ಕೆ 135 ಚದರಡಿ, ಅಂದ್ರೆ ಹಾಲ್ ಪೂರ್ತಿ ನನ್ನದು. ಮಿಕ್ಕಿದ್ದೆಲ್ಲಾ ಬ್ಯಾಂಕಿಂದು, ಅದರಲ್ಲಿ ತಿಂಗಳಿಗೆ ಒಂದೂಕಾಲು ಚದರಡಿಗಿಂತ ಸ್ವಲ್ಪ ಜಾಸ್ತಿ ನಂಗೆ ಸೇರುತ್ತೆ. ಎರಡಡಿಗೆ ಎರಡಡಿ ಟೈಲ್ಸು, ಹತ್ತಿರ ಹತ್ತಿರ ಮೂರು ತಿಂಗಳಿಗೆ ಒಂದು. ಒಂಬತ್ತು ಕಂತು ಕಟ್ಟಿದ್ದೀನಿ, ಮೂರು ಟೈಲ್ಸ್ ಚಿಲ್ಲರೆ ಬಿಡಿಸ್ಕೊಂಡಿದ್ದೀನಿ. ಆ ಮೂರನ್ನ ಸಿಂಕಿನ ಮುಂದೆ ಇಟ್ಕೊಂಡಿದ್ದೀನಿ, ದಿನಾ ನಿಲ್ಲೋ ಜಾಗ ಅಲ್ವಾ. ರಾತ್ರಿ ಬಾತ್‌ರೂಮಿಗೆ ಹೋಗ್ಬೇಕಾದ್ರೆ ಮಾತ್ರ ಬ್ಯಾಂಕಿನ ಜಾಗ ದಾಟ್ಕೊಂಡೇ ಹೋಗ್ಬೇಕು, ಹೆಜ್ಜೆ ಸದ್ದಾಗದ ಹಾಗೆ ಹೋಗಿ ಬರ್ತೀನಿ.

ಬಾಡಿಗೆ ಮನೆಗಳಲ್ಲಿ ಇಪ್ಪತ್ತೆರಡು ವರ್ಷ ಇದ್ದೆ. ಓನರ್‌ಗಳು ಏನೇನೋ ಥರ ಇದ್ರು, ಆದ್ರೆ ಎಲ್ಲರ ಬಾಯಲ್ಲೂ ಒಂದು ಮಾತು ಮಾತ್ರ ಒಂದೇ, ಗೋಡೆಗೆ ಮೊಳೆ ಹೊಡೀಬೇಡಿ. ಹಾಗಾಗಿ ಅಪ್ಪ ಅಮ್ಮನ ದೊಡ್ಡ ಫೋಟೋ ಯಾವಾಗಲೂ ನೆಲದ ಮೇಲೆ ಗೋಡೆಗೆ ಒರಗಿಕೊಂಡೇ ಇರ್ತಿತ್ತು. ಅವರು ಹೋದ್ಮೇಲೂ ಅಷ್ಟು ವರ್ಷ ನನ್ನ ಮೊಣಕಾಲು ನೋಡ್ಕೊಂಡೇ ಇದ್ರು. ಇಲ್ಲಿಗೆ ಬಂದ ದಿನ ನಾನೇ ಮೊಳೆ ಹೊಡೆದೆ. ಎರಡು ಸಲ ಬಗ್ಗಿತು, ಒಂದು ಸಲ ಹೆಬ್ಬೆರಳಿಗೆ ಬಿತ್ತು, ಹತ್ತು ರೂಪಾಯಿ ನಾಣ್ಯದಷ್ಟು ಗಾರೆ ಉದುರಿತು. ಯಾರಾದ್ರೂ ಬೈತಾರಾ ಅಂತ ಅಭ್ಯಾಸಬಲದಿಂದ ಒಂದು ನಿಮಿಷ ಬಾಗಿಲ ಕಡೆ ನೋಡ್ದೆ. ಆಮೇಲೆ ಫೋಟೋ ನೇತುಹಾಕಿ ಎದುರಿಗೆ ನಿಂತೆ. ಸ್ವಲ್ಪ ವಾರೆಯಾಗಿದೆ, ಆದ್ರೆ ಇಬ್ಬರೂ ಮುಖಕ್ಕೆ ಮುಖ ಸಿಕ್ಕಿದ್ರು. ಅಮ್ಮ ಇದ್ದಿದ್ರೆ ವಾರೆಯಾಗಿರೋದನ್ನೇ ಮೊದಲು ಹೇಳ್ತಿದ್ದಳು. ಇನ್ನೂ ಸರಿ ಮಾಡಿಲ್ಲ.

ಇಷ್ಟು ಬರೆಯೋ ಹೊತ್ತಿಗೆ ಸಂಜೆ ಆರೂವರೆ. ಬಕೆಟ್ ಮತ್ತೆ ತುಂಬಿತು. ತಲೆಕೆಟ್ಟು ಸರ್ ಆಟೋಗೇ ಫೋನ್ ಮಾಡ್ದೆ. "ವಾಷರ್ ಹೋಗಿರ್ಬೇಕು ಅಕ್ಕ, ಮೊದ್ಲು ಸಿಂಕ್ ಕೆಳಗೆ ಬಗ್ಗಿ ನೋಡಿ, ಚಿಕ್ಕ ವಾಲ್ ಇರುತ್ತೆ, ತಿರುಗಿಸಿ" ಅಂದ್ರು. ಬಗ್ಗಿದೆ, ಇತ್ತು, ತಿರುಗಿಸಿದೆ. ನಿಂತೇಹೋಯ್ತು. ಮೂರು ರಾತ್ರಿ ನಿದ್ದೆಗೆಟ್ಟು, ಅರ್ಧ ದಿನ ರಜ ಹಾಕಿ, ನನ್ನ ಸ್ವಂತದ ಮೂರು ಟೈಲ್ಸ್ ಮೇಲೇ ನಿಂತಿದ್ದೆ, ಒಂದು ಸಲ ಬಗ್ಗಿ ನೋಡಿರಲಿಲ್ಲ.

ಫೋನ್ ಇನ್ನೂ ಕಿವಿಯಲ್ಲೇ ಇತ್ತು, ಬೆಲ್ ಆಯ್ತು. ಪ್ಲಂಬರ್. ಮತ್ತೆ ನನ್ನ ಭುಜದ ಮೇಲಿಂದ ನೋಡ್ದ. "ಬಂದ್ರಾ ಮೇಡಂ ಮನೆಯವ್ರು?"

ವಾದ ಮಾಡೋ ಶಕ್ತಿ ಇರಲಿಲ್ಲ. "ಲೈನಲ್ಲಿದ್ದಾರೆ, ಮಾತಾಡಿ" ಅಂತ ಫೋನ್ ಕೊಟ್ಟೆ. ಚಪ್ಪಲಿ ಬಿಟ್ಟ, ಬೆನ್ನು ನೆಟ್ಟಗೆ ಮಾಡ್ಕೊಂಡ. "ಹೂಂ ಸರ್. ಹೌದು ಸರ್. ವಾಷರ್ರೇ ಸರ್. ಒಳ್ಳೇದೇ ಹಾಕ್ತೀನಿ ಸರ್." ನಾಲ್ಕು ನಿಮಿಷಕ್ಕೆ ನಲ್ಲಿ ರಿಪೇರಿ ಮುಗಿಸಿ, ಫೋನನ್ನ ಎರಡೂ ಕೈಲಿ ವಾಪಸ್ ಕೊಟ್ಟು, ಕೈ ಒರೆಸ್ಕೊಂಡ.

ದುಡ್ಡು ಮಾತ್ರ ಸೀದಾ ನನ್ನ ಮುಖ ನೋಡ್ಕೊಂಡೇ ಕೇಳ್ದ.