ಪಿಪಿಟಿ ಚೆಂದ ಮಾಡುವುದಷ್ಟೇ ನಮ್ಮ ಕೆಲಸ ಅಲ್ಲ

ಮೊನ್ನೆ ಸಂಜೆ ಲ್ಯಾಪ್‌ಟಾಪ್ ಮುಚ್ಚಬೇಕು ಅನ್ನುವಷ್ಟರಲ್ಲಿ ಒಂದು ಮೇಲ್ ಬಂತು. 68 ಸ್ಲೈಡ್‌ಗಳ ಪಿಪಿಟಿ, ಜೊತೆಗೆ ಒಂದೇ ಸಾಲು: "ಕಂಟೆಂಟ್ ಎಲ್ಲಾ ರೆಡಿ ಇದೆ, ಸ್ವಲ್ಪ ಚೆಂದ ಮಾಡಿ ನಾಳೆ ಮಧ್ಯಾಹ್ನದೊಳಗೆ ಕೊಡಿ."

ನಾನು ಇನ್‌ಸ್ಟ್ರಕ್ಷನಲ್ ಡಿಸೈನರ್, ಅಂದರೆ ಕೆಲಸ ಮಾಡುವವರಿಗೆ ಬೇಕಾದ ತರಬೇತಿ, ಕೋರ್ಸ್‌ಗಳನ್ನು ರೂಪಿಸುವವಳು. 2020ರಲ್ಲಿ ಬೆಂಗಳೂರಿನಿಂದ ದಾವಣಗೆರೆಗೆ ವಾಪಸ್ ಬಂದೆ. ಅವತ್ತಿನಿಂದ ವಿದ್ಯಾನಗರದ ಮನೆಯಲ್ಲೇ ಕೂತು ಕೆಲಸ ಮಾಡ್ತೀನಿ. ಈ ಸಾಲನ್ನು ಎಷ್ಟು ಸಲ ಓದಿದ್ದೇನೋ ಲೆಕ್ಕ ಇಲ್ಲ. ಈ ಸಲ ನಿಜಕ್ಕೂ ನೋವಾಯಿತು.

ನನ್ನ ಕೆಲಸ ಏನು ಅಂತ ಒಂದೇ ನಿಮಿಷದಲ್ಲಿ ಅರ್ಥ ಮಾಡಿಕೊಂಡವರು ನಮ್ಮಮ್ಮ. ಹರಿಹರದ ಕಡೆ ಸರ್ಕಾರಿ ಪ್ರೈಮರಿ ಶಾಲೆಯಲ್ಲಿ ಟೀಚರ್ ಆಗಿದ್ದವರು. "ನಾಳೆ ಮಕ್ಕಳ ಕೈಲಿ ಏನು ಮಾಡಿಸಬೇಕು ಅಂತ ರಾತ್ರಿ ಕೂತು ಬರೀತಿದ್ನಲ್ಲ, ಅದೇ ಅಲ್ವೇನೇ?" ಅಂದರು. ಹೌದು, ಅದೇ. ಏನು ಹೇಳಬೇಕು ಅನ್ನುವುದಕ್ಕಿಂತ ಕಲಿತವರು ಏನು ಮಾಡಬೇಕು ಅನ್ನುವುದು ಮೊದಲು.

ಕೆಲವು ವರ್ಷಗಳ ಹಿಂದೆ ಒಂದು ಕಂಪನಿಯವರು ತಮ್ಮ ಗೋದಾಮಿನ ಹುಡುಗರಿಗೆ 40 ನಿಮಿಷದ ಕೋರ್ಸ್ ಮಾಡಿಕೊಡಿ ಅಂದರು. ಮಾಲು ಬಂದಾಗ ಸ್ಕ್ಯಾನ್ ಮಾಡದೆ ಒಳಗೆ ಹಾಕ್ತಾರೆ, ಸ್ಟಾಕ್ ತಾಳೆ ಆಗ್ತಿಲ್ಲ ಅನ್ನುವುದು ಅವರ ದೂರು. ಮೊದಲು ಆ ಹುಡುಗರ ಹತ್ತಿರ ಮಾತಾಡ್ತೀನಿ ಅಂದೆ. "ಅದೆಲ್ಲ ಯಾಕೆ, ಟೈಮ್ ವೇಸ್ಟ್" ಅಂದರು. ಹಟ ಹಿಡಿದು ಮೂವರ ಜೊತೆ ಫೋನಿನಲ್ಲಿ ಮಾತಾಡಿದೆ. ಸ್ಕ್ಯಾನ್ ಮಾಡುವುದು ಅವರಿಗೆ ಚೆನ್ನಾಗೇ ಗೊತ್ತಿತ್ತು. ಸ್ಕ್ಯಾನರ್ ಇದ್ದದ್ದು ಎರಡು, ಮಧ್ಯಾಹ್ನದ ಹೊತ್ತಿಗೆ ಎರಡರದೂ ಚಾರ್ಜ್ ಖಾಲಿ. ಚಾರ್ಜರ್ ಇದ್ದದ್ದು ಸೂಪರ್‌ವೈಸರ್ ರೂಮಿನಲ್ಲಿ. ಲಾರಿ ಕಾಯ್ತಾ ನಿಂತಿರುವಾಗ ಅಲ್ಲಿಗೆ ಯಾರು ಓಡುತ್ತಾರೆ? ಕೋರ್ಸ್ ಬೇಡ, ಬಾಗಿಲ ಹತ್ತಿರ ಚಾರ್ಜಿಂಗ್ ಪಾಯಿಂಟ್ ಹಾಕಿಸಿ ಅಂತ ಬರೆದು ಕಳಿಸಿದೆ. ಹಾಕಿಸಿದರು, ಸಮಸ್ಯೆ ಹೋಯಿತು.

ಆ ವರ್ಷ ನಾನು ಮಾಡಿದ ಅತಿ ಒಳ್ಳೆಯ ಕೆಲಸ ಅದು. ಆದರೆ ಸ್ಲೈಡ್ ಇಲ್ಲ, ಕೋರ್ಸ್ ಇಲ್ಲ, ಅದಕ್ಕೇ ಅಪ್ರೈಸಲ್‌ನಲ್ಲಿ ಅದರ ಹೆಸರೇ ಬರಲಿಲ್ಲ.

ನಮ್ಮ ಕ್ಷೇತ್ರದಲ್ಲಿ ಎಲ್ಲರಿಗೂ ಗೊತ್ತಿರುವ ಆ್ಯಡಿ (ADDIE) ಅನ್ನುವ, ತರಬೇತಿ ರೂಪಿಸುವ ಕ್ರಮ 1975ರಲ್ಲಿ ಫ್ಲಾರಿಡಾ ಸ್ಟೇಟ್ ಯೂನಿವರ್ಸಿಟಿಯಲ್ಲಿ ಅಮೆರಿಕದ ಸೇನೆಗಾಗಿ ಮಾಡಿದ ಕೆಲಸದಿಂದ ಬಂದದ್ದು. ವಿಶ್ಲೇಷಣೆ, ವಿನ್ಯಾಸ, ತಯಾರಿ, ಜಾರಿ, ಮೌಲ್ಯಮಾಪನ ಅಂತ ಐದು ಹಂತ. ಆಫೀಸಿಗೆ ಕಾಣುವುದು ಮೂರನೆಯದು ಮಾತ್ರ. ಕೊನೆಯದಂತೂ ಕೇಳಲೇಬೇಡಿ. ತರಬೇತಿಯನ್ನು ನಾಲ್ಕು ಮಟ್ಟದಲ್ಲಿ ಅಳೆಯಬೇಕು ಅಂತ ಅಮೆರಿಕದ ಪ್ರೊಫೆಸರ್ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲೇ ಬರೆದರು: ಇಷ್ಟವಾಯಿತಾ, ಕಲಿತರಾ, ಕೆಲಸದಲ್ಲಿ ಬಳಸಿದರಾ, ಅದರಿಂದ ಫಲ ಸಿಕ್ಕಿತಾ. ನಾನು ನೋಡಿದ ಹೆಚ್ಚಿನ ಕಡೆ ಫೀಡ್‌ಬ್ಯಾಕ್ ಫಾರ್ಮ್‌ಗೆ ಐದು ಸ್ಟಾರ್ ಬಿದ್ದರೆ ಅಲ್ಲಿಗೆ ಮುಗಿಯಿತು.

"ಕಂಟೆಂಟ್ ರೆಡಿ ಇದೆ" ಅನ್ನುವ ಮಾತೂ ಅಷ್ಟೇ. ನಮ್ಮೂರಿನ ಒಂದು ಬೆಣ್ಣೆ ದೋಸೆ ಹೋಟೆಲಿನಲ್ಲಿ ಸೌದೆ ಒಲೆಯ ಮುಂದೆ ನಿಂತಿದ್ದ ಭಟ್ಟರನ್ನು ಒಮ್ಮೆ ಕೇಳಿದೆ, ಕಾವಲಿ ಸರಿಯಾಗಿ ಕಾದಿದೆ ಅಂತ ಹೇಗೆ ಗೊತ್ತಾಗುತ್ತೆ ಅಂತ. "ಗೊತ್ತಾಗ್ತದಮ್ಮ" ಅಂದರು. ಸುಮ್ನೆ ನೋಡ್ತಾ ನಿಂತೆ. ಪ್ರತಿ ಸಲ ನೀರು ಚಿಮುಕಿಸಿ ಆ ಸದ್ದು ಕೇಳಿಸಿಕೊಂಡೇ ಹಿಟ್ಟು ಹುಯ್ಯುತ್ತಿದ್ದರು. ಸದ್ದು ಸರಿ ಬರದಿದ್ದರೆ ಒಂದು ಸೌದೆ ಹಿಂದಕ್ಕೆ ಎಳೆಯುತ್ತಿದ್ದರು. ಅದು ಅವರಿಗೆ ಹೇಳುವಂಥ ವಿಷಯ ಅಂತಲೇ ಅನಿಸಿರಲಿಲ್ಲ. ಹೊಸದಾಗಿ ಸೇರಿದ ಹುಡುಗನಿಗೆ ಬೇಕಾಗಿದ್ದದ್ದು ಮಾತ್ರ ಅದೇ. ಕೆಲಸ ಚೆನ್ನಾಗಿ ಬಲ್ಲವರು ಬರೆದುಕೊಟ್ಟ ಸ್ಲೈಡ್‌ಗಳಲ್ಲಿ ಬಿಟ್ಟುಹೋಗುವುದು ಇಂಥದ್ದೇ. ಅದನ್ನು ಅವರಿಂದ ಹೊರಗೆ ತೆಗೆಯುವುದಕ್ಕೆ ತಾಳ್ಮೆ ಬೇಕು, ಸಮಯ ಬೇಕು. ಬಣ್ಣ, ಐಕಾನ್, ಫಾಂಟ್ ಎಲ್ಲ ಆಮೇಲೆ. ಅವೂ ಬೇಕು, ಇಲ್ಲ ಅನ್ನುವುದಿಲ್ಲ.

ನನಗೆ ದೊಡ್ಡ ಹುದ್ದೆ ಬೇಡ. ಕೋರ್ಸ್ ಬೇಕು ಅಂತ ನಿರ್ಧಾರ ಮಾಡುವ ಮೊದಲ ಮೀಟಿಂಗಿಗೆ ಕರೆಯಿರಿ, ಅಷ್ಟೇ ಕೇಳುವುದು.

ಆ 68 ಸ್ಲೈಡ್ ಇದ್ದದ್ದು ಕೌಂಟರಿನಲ್ಲಿ ಕೂರುವ ಹೊಸಬರಿಗೆ, ಗ್ರಾಹಕರ ದೂರು ಬರೆದುಕೊಳ್ಳುವ ಬಗ್ಗೆ. ಚೆಂದ ಮಾಡುವ ಮೊದಲು ಉತ್ತರ ಬರೆದೆ: ಈಗ ಅವರು ಎಲ್ಲಿ ತಪ್ಪುತ್ತಿದ್ದಾರೆ? ತಪ್ಪದೆ ಮಾಡುವವರು ಯಾರಾದರೂ ಇದ್ದಾರಾ? ಅವರ ಜೊತೆ ಅರ್ಧ ಗಂಟೆ ಮಾತಾಡಬಹುದಾ? ಒಂದು ದಿನ ಉತ್ತರ ಇರಲಿಲ್ಲ. ನಿನ್ನೆ ರಾತ್ರಿ ಬಂತು. ನಾಳೆ 11 ಗಂಟೆಗೆ ಆ ಕೌಂಟರಿನ ಇಬ್ಬರ ಜೊತೆ ಕಾಲ್ ಇದೆ.