ವರ್ಷವಿಡೀ ತಂಪು, ಷರತ್ತುಗಳು ಅನ್ವಯ

ಚಿತ್ರದುರ್ಗ ಸೀಮೆಯ ಗುಡ್ಡವೊಂದರ ನೆತ್ತಿಯಲ್ಲಿ, ಗಾಳಿಯಂತ್ರಗಳ ಸದ್ದು ಕೇಳುವಷ್ಟು ಹತ್ತಿರ, ‘ಅಪ್ಪಟ ಹಳ್ಳಿ ಬದುಕು, 365 ದಿನವೂ ಹೊರಾಂಗಣ ವಿಹಾರ’ ಎಂಬ ಫಲಕ ಹೊತ್ತು ರೆಸಾರ್ಟೊಂದು ನಿಂತಿದೆ. ಜೋಗಿಮಟ್ಟಿಯನ್ನು ಮಧ್ಯ ಕರ್ನಾಟಕದ ಊಟಿ ಎಂದು ಕರೆದು ಅಭ್ಯಾಸವಾದ ನಮಗೆ ಇದು ಅತಿಶಯವೆನಿಸದು. ಜೋಗಿಮಟ್ಟಿಯ ತಂಪಿಗೆ ಯಾರೂ ಬಿಲ್ಲು ಹಾಕುವುದಿಲ್ಲ, ಅಷ್ಟೇ ವ್ಯತ್ಯಾಸ.

ದಾವಣಗೆರೆಯಿಂದ ಇಲ್ಲಿಗೆ ಬರುವ ಅತಿಥಿಗಳಲ್ಲಿ ಹೆಚ್ಚಿನವರು ಜಗಳೂರು, ಹೊನ್ನಾಳಿ ಕಡೆಯ ಹಳ್ಳಿಗಳನ್ನು ಒಂದು ತಲೆಮಾರಿನ ಹಿಂದಷ್ಟೇ ಬಿಟ್ಟವರು. ಮಳೆಗಾಲದಲ್ಲಿ ಸೋರುತ್ತದೆಂದೂ, ಮೇಲೆ ಕರಲು ಮಣ್ಣು ಹಾಕುವ ಆಳು ಸಿಗುವುದಿಲ್ಲವೆಂದೂ ಅವರ ಅಪ್ಪಂದಿರು ಕೆಡವಿಸಿದ ಮಾಳಿಗೆ ಮನೆಯನ್ನೇ ಇಲ್ಲಿ ‘ಹೆರಿಟೇಜ್ ಕಾಟೇಜ್’ ಎಂದು ಅವರಿಗೇ ಬಾಡಿಗೆಗೆ ಕೊಡಲಾಗುತ್ತದೆ. ಗೋಡೆ ಸಿಮೆಂಟಿನದು, ಕೆಮ್ಮಣ್ಣಿನ ಬಣ್ಣ ಬಳಿದು, ಕೈಯಿಂದ ಸಾರಿಸಿದ ಗುರುತು ಕಾಣುವಂತೆ ಬ್ರಷ್ಷಿನಿಂದ ಗೀರು ಎಳೆಸಿದ್ದಾರೆ. ಜಂತೆಗಳು ಕಬ್ಬಿಣದ ಪೈಪುಗಳು, ಮೇಲೆ ಮರದ ಬಣ್ಣದ ಸ್ಟಿಕ್ಕರ್. ನಮ್ಮ ಕೊಠಡಿಯಲ್ಲಿ ಒಂದರ ಸ್ಟಿಕ್ಕರ್ ಕಿತ್ತುಬಂದು ಫ್ಯಾನಿನ ಗಾಳಿಗೆ ರಾತ್ರಿಯೆಲ್ಲ ಪಟಪಟನೆ ಬಡಿದುಕೊಳ್ಳುತ್ತಿತ್ತು. ಸರ್ಕಾರದ ಕಡತದಲ್ಲಿ ಮಣ್ಣಿನ ಮನೆಯೆಂದರೆ ‘ಕಚ್ಚಾ’, ಅದರಲ್ಲಿರುವವರಿಗೆ ಪಕ್ಕಾ ಮನೆ ಕಟ್ಟಿಕೊಳ್ಳಲು ಆವಾಸ್ ಯೋಜನೆಯ ಸಹಾಯಧನವಿದೆ. ಗುಡ್ಡದ ಮೇಲೆ ಅದೇ ಮನೆಯ ನಕಲಿಗೆ ‘ಪ್ರೀಮಿಯಂ’ ದರ, ಜಿಎಸ್‌ಟಿ ಬೇರೆ.

ಹೊರಗಿನ ತಿಂಡಿ ನಿಷಿದ್ಧ. ಜೊತೆಗಿದ್ದವರೊಬ್ಬರಿಗೆ ಅತ್ತೆ ಕಟ್ಟಿಕೊಟ್ಟಿದ್ದ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿಯ ಗಂಟನ್ನು ಕಾವಲುಗಾರನು ಟೋಕನ್ ಕೊಟ್ಟು ಗೇಟಿನಲ್ಲೇ ಇರಿಸಿಕೊಂಡನು. ರಾತ್ರಿಯ ಬಫೆಯಲ್ಲಿ ‘ಅಜ್ಜಿಯ ಕೈರುಚಿ’ ಎಂಬ ಚೀಟಿಯಡಿ ಅವೇ ಎರಡು ಪದಾರ್ಥಗಳು ಎದುರಾದವು. ಪಕ್ಕದಲ್ಲಿ, ಫೋಟೊಗೆಂದೇ ಹೂಡಿದ ಸೌದೆ ಒಲೆಯ ಮುಂದೆ ಕೂತು ರೊಟ್ಟಿ ತಟ್ಟುತ್ತಿದ್ದ ಕೆಳಗಿನ ಊರಿನ ಹೆಂಗಸು ಕಣ್ಣೊರೆಸಿಕೊಳ್ಳುತ್ತ, “ನಮ್ಮನೇಲಿ ಗ್ಯಾಸೈತೆ ಸಾರ್, ಇಲ್ಲಿಗೆ ಬಂದ್ಮೇಲೇ ಮತ್ತೆ ಹೊಗೆ” ಎಂದಳು.

ಇನ್ನು ಆ 365 ದಿನಗಳ ವಿಹಾರ. ಏಪ್ರಿಲ್‌ನಲ್ಲಿ ಬಂಡೆಗಳು ಕಾದ ಹೆಂಚಾಗಿರುವಾಗ ಚಾರಣವನ್ನು ‘ಸೂರ್ಯಸ್ನಾನ’ದ ವಿಭಾಗಕ್ಕೆ ವರ್ಗಾಯಿಸಲಾಗುತ್ತದೆ. ಪಟ್ಟಿಯಲ್ಲಿ ನಿತ್ಯ ಬೋಟಿಂಗ್ ಕೂಡ ಇದೆ. 1933ರಲ್ಲಿ ಕೋಡಿ ಬಿದ್ದ ಮಾರಿಕಣಿವೆಯ ವಾಣಿವಿಲಾಸ ಸಾಗರ ಮತ್ತೊಮ್ಮೆ ಕೋಡಿ ಬೀಳುವುದನ್ನು ನೋಡಲು 2022ರವರೆಗೆ, ಅಂದರೆ 89 ವರ್ಷ, ಕಾದ ಜಿಲ್ಲೆಯಲ್ಲಿ ಹೀಗೆ ಬರೆಯಿಸಿದವರ ಎದೆಗಾರಿಕೆಯನ್ನು ಮೆಚ್ಚಲೇಬೇಕು. ದೋಣಿಯೇನೋ ನಿಜವಾದದ್ದೇ, ಒಣಗಿದ ಕೃಷಿಹೊಂಡದ ಪ್ಲಾಸ್ಟಿಕ್ ಹಾಳೆಯ ಮೇಲೆ ಅದು ವಾಲಿ ಕೂತಿದೆ, ಮಕ್ಕಳು ಲೈಫ್ ಜಾಕೆಟ್ ತೊಟ್ಟು ಅದರಲ್ಲಿ ಫೋಟೊ ತೆಗೆಸಿಕೊಳ್ಳುತ್ತಾರೆ. ಜಾಕೆಟ್ ಕಡ್ಡಾಯ.

ಮಳೆಗಾಲದ ಪ್ಯಾಕೇಜಿನಲ್ಲಿ ಮಳೆ ಬಾರದಿದ್ದರೆ ಹಣ ವಾಪಸಿಲ್ಲ, ಬದಲಿಗೆ ಅರ್ಧ ಗಂಟೆ ‘ರೇನ್ ಡ್ಯಾನ್ಸ್’ ಉಂಟು. ಅದಕ್ಕೆ ನೀರು ತರುವ ಟ್ಯಾಂಕರು ಸಂಜೆ ಕೆಳಗಿನ ಊರಿಗೂ ಹೋಗುತ್ತದೆ, ಅತಿಥಿಗಳು ಕುಣಿದು ಉಳಿಸಿದ್ದರೆ.